ಪಸರದಿಂದ ಪ್ರದರ್ಶನ ಮಳಿಗೆಗೆ: ಮುಂಬಯಿಯ ವಸ್ತುಪ್ರದರ್ಶನಗಳು ಮತ್ತು ಕನ್ನಡ ನಾಡಿನ ಕಸುಬುದಾರರು

1. ಪೀಠಿಕೆ

ವಸ್ತುಪ್ರದರ್ಶನವೊಂದರಲ್ಲಿ ನೂರಾರು ಮಳಿಗೆಗಳು ಸಾಲುಗಟ್ಟಿ ನಿಂತಿರುತ್ತವೆ. ನೋಡಬಂದ ಜನ ಕೆಲವು ಮಳಿಗೆಗಳ ಮುಂದೆ ಗುಂಪುಗೂಡುತ್ತಾರೆ. ಕೆಲವನ್ನು ಕಣ್ಣೆತ್ತಿಯೂ ನೋಡದೆ ಮುಂದೆ ಸಾಗುತ್ತಾರೆ. ಇದಕ್ಕೆ ಕಾರಣವೇನು ಎಂಬ ಪ್ರಶ್ನೆಯನ್ನು ಸಾಮಾನ್ಯವಾಗಿ ವ್ಯಾಪಾರದ ಕೈಪಿಡಿಗಳು ಕೇಳುತ್ತವೆ. ದೀಪ, ಬಣ್ಣ, ಫಲಕ, ಕಾಣಿಕೆ ಮೊದಲಾದವುಗಳಲ್ಲಿ ಅದಕ್ಕೆ ಉತ್ತರವನ್ನು ಹುಡುಕುತ್ತವೆ. ಆದರೆ ಈ ಪ್ರಶ್ನೆಗೆ ದೀರ್ಘವಾದ ಇತಿಹಾಸವಿದೆ. ವಸ್ತುವನ್ನು ಹರಡಿಟ್ಟು, ಅಪರಿಚಿತನನ್ನು ತಡೆದು ನಿಲ್ಲಿಸಿ, ಅವನೊಡನೆ ಮಾತಿಗೆ ತೊಡಗುವ ಕ್ರಮ ಕಾಲದಿಂದ ಕಾಲಕ್ಕೆ ಬದಲಾಗುತ್ತ ಬಂದಿದೆ. ಆ ಬದಲಾವಣೆಯಲ್ಲಿ ವಸ್ತುವನ್ನು ತಯಾರಿಸಿದವನ ಸ್ಥಾನವೇನಾಯಿತು ಎಂಬುದೇ ಪ್ರಸ್ತುತ ಲೇಖನದ ವಿಷಯ.

ಈ ವಿವೇಚನೆಗೆ ನಾವು ಮುಂಬಯಿಯನ್ನು ಆಯ್ದುಕೊಂಡಿದ್ದೇವೆ. 1956ರವರೆಗೆ ಧಾರವಾಡ, ಬೆಳಗಾವಿ, ಬಿಜಾಪುರ ಮತ್ತು ಉತ್ತರ ಕನ್ನಡ ಜಿಲ್ಲೆಗಳಿಗೆ ಮುಂಬಯಿಯೇ ರಾಜಧಾನಿಯಾಗಿತ್ತು. ಆ ಜಿಲ್ಲೆಗಳ ಹತ್ತಿ, ಸೀರೆ, ಖಣ, ಜಮಖಾನ, ಗಂಧದ ಕೆತ್ತನೆಗಳು ಹೊರಜಗತ್ತನ್ನು ಕಂಡದ್ದು ಬಹುಮಟ್ಟಿಗೆ ಮುಂಬಯಿಯ ಮೂಲಕವೇ. ಹೊರನಾಡಿನಲ್ಲಿದ್ದು ಕನ್ನಡ ಸಂಸ್ಕೃತಿಯನ್ನು ಅಭ್ಯಸಿಸುವವರು ಶಾಸನ ಮತ್ತು ಕಾವ್ಯಗಳನ್ನು ಆಕರಗಳಾಗಿ ಬಳಸುತ್ತಾರೆ. ಪ್ರದರ್ಶನಗಳ ವಸ್ತುಪಟ್ಟಿಗಳನ್ನು ಅಷ್ಟಾಗಿ ಬಳಸುವುದಿಲ್ಲ. ಈ ಎರಡು ಬಗೆಯ ಆಕರಗಳನ್ನು ಒಟ್ಟಿಗೆ ಇರಿಸಿ ನೋಡಿದರೆ ಒಂದು ಮುಖ್ಯ ಸಂಗತಿ ಹೊಳೆಯುತ್ತದೆ: ಕಸುಬುದಾರನ ಕೆಲಸ ಮತ್ತು ಮಾತುಗಳಿರುವಲ್ಲಿ ಜನ ನಿಂತಿದ್ದಾರೆ, ಆದರೆ ಅವನ ಹೆಸರನ್ನು ಬರೆದಿಡುವ ಕೆಲಸ ಮಾತ್ರ ಹಿಂದೆ ಬಿದ್ದಿದೆ.

2. ಪಸರ, ಸಂತೆ, ಹೆಸರು

ಹಳಗನ್ನಡ ಮತ್ತು ನಡುಗನ್ನಡಗಳಲ್ಲಿ ಅಂಗಡಿಗೆ ‘ಪಸರ’ ಎಂಬ ಮಾತೊಂದಿದೆ. ಸಂಸ್ಕೃತದ ‘ಪ್ರಸರ’ದಿಂದ ಬಂದ ಈ ಶಬ್ದಕ್ಕೆ ಹರಡುವುದು ಎಂಬುದು ಮೂಲಾರ್ಥ. ನೆಲದ ಮೇಲೆ ಬಟ್ಟೆ ಹಾಸಿ ಸರಕನ್ನು ಹರಡಿದರೆ ಅದೇ ಪಸರ. ಶಾಸನಗಳಲ್ಲಿ ಪಸರಕ್ಕೆ ಇಂತಿಷ್ಟು ಎಂದು ಸುಂಕವನ್ನು ದೇವಾಲಯಗಳಿಗೆ ಬಿಟ್ಟ ಉಲ್ಲೇಖಗಳು ದೊರೆಯುತ್ತವೆ. ‘ಅಂಗಡಿ’, ‘ಮಳಿಗೆ’ ಎಂಬ ಮಾತುಗಳು ಕಟ್ಟಡವನ್ನು ಸೂಚಿಸಿದರೆ ‘ಪಸರ’ವು ಕ್ರಿಯೆಯನ್ನು ಸೂಚಿಸುತ್ತದೆ. ಹರಡುವವನೊಬ್ಬನಿಲ್ಲದೆ ಪಸರವಿಲ್ಲ.

ಅಯ್ಯಾವೊಳೆಯ ಐನೂರ್ವರ ಪ್ರಶಸ್ತಿಗಳನ್ನು ಈ ದೃಷ್ಟಿಯಿಂದ ಮತ್ತೊಮ್ಮೆ ಓದಬೇಕು. ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವೆಯ ಹನ್ನೊಂದನೆಯ ಶತಮಾನದ ಶಾಸನವೊಂದು ಈ ವರ್ತಕರನ್ನು ದೀರ್ಘವಾಗಿ ವರ್ಣಿಸುತ್ತದೆ. ಆನೆ, ಕುದುರೆ, ಮುತ್ತು, ವಜ್ರ, ಹವಳ, ಏಲಕ್ಕಿ, ಲವಂಗ, ಶ್ರೀಗಂಧ, ಕರ್ಪೂರ, ಕಸ್ತೂರಿ, ಕುಂಕುಮಕೇಸರಿಗಳ ಪಟ್ಟಿಯನ್ನು ಅದು ನೀಡುತ್ತದೆ. ಇವುಗಳನ್ನು ಸಗಟಾಗಿ ಮಾರುವವರನ್ನೂ ಹೆಗಲ ಮೇಲೆ ಹೊತ್ತು ಮಾರುವವರನ್ನೂ ಒಂದೇ ಉಸಿರಿನಲ್ಲಿ ಹೇಳುತ್ತದೆ. ಅಲ್ಲಿ ಸರಕಿನ ಪಟ್ಟಿಗಿಂತ ಮೊದಲು ಬರುವುದು ಸತ್ಯ, ಶೌಚ, ಆಚಾರ, ವಿನಯ ಮೊದಲಾದ ಗುಣಗಳ ಪಟ್ಟಿ. ಪ್ರಶಸ್ತಿಯೆಂದ ಮೇಲೆ ಉತ್ಪ್ರೇಕ್ಷೆ ಸಹಜವೇ. ಹಾಗಿದ್ದರೂ, ದೂರದೇಶದ ವರ್ತಕನೊಬ್ಬ ಸಂತೆಗೆ ಬಂದಾಗ ಅವನು ಮೊದಲು ಮಂಡಿಸಬೇಕಾದದ್ದು ತನ್ನನ್ನೇ, ಅನಂತರ ತನ್ನ ಸರಕನ್ನು ಎಂಬ ತಿಳಿವಳಿಕೆ ಆ ಕ್ರಮದಲ್ಲಿಯೇ ಅಡಗಿದೆ. ರಾಘವಾಂಕನ ‘ಸೋಮನಾಥ ಚರಿತೆ’ಯ ನಾಯಕ ಆದಯ್ಯನೂ ಸೌರಾಷ್ಟ್ರದಿಂದ ಪುಲಿಗೆರೆಗೆ ವ್ಯಾಪಾರಕ್ಕೆಂದು ಬಂದವನು ಎಂಬುದನ್ನು ಇಲ್ಲಿ ನೆನೆಯಬಹುದು. ಪಶ್ಚಿಮ ಕರಾವಳಿಯ ವಾಣಿಜ್ಯಕ್ಕೂ ಕನ್ನಡ ಒಳನಾಡಿಗೂ ಇದ್ದ ನಂಟು ಮುಂಬಯಿ ನಗರಕ್ಕಿಂತ ಬಹು ಹಿಂದಿನದು.

1443ರಲ್ಲಿ ವಿಜಯನಗರಕ್ಕೆ ಬಂದ ಪಾರಸಿಕ ರಾಯಭಾರಿ ಅಬ್ದುಲ್ ರಜಾಕನು ಅಲ್ಲಿನ ಪೇಟೆಯನ್ನು ವರ್ಣಿಸುತ್ತ, ಒಂದೊಂದು ಕಸುಬಿನವರ ಅಂಗಡಿಗಳು ಒತ್ತೊತ್ತಾಗಿದ್ದುದನ್ನೂ ರತ್ನಪಡಿ ವ್ಯಾಪಾರಿಗಳು ಮುತ್ತು ಮಾಣಿಕ್ಯಗಳನ್ನು ಬಯಲಿನಲ್ಲಿಯೇ ಮಾರುತ್ತಿದ್ದುದನ್ನೂ ದಾಖಲಿಸಿದ್ದಾನೆ. ಒಂದೇ ಕಸುಬಿನವರು ಒಂದೇ ಸಾಲಿನಲ್ಲಿ ಕೂರುವ ಈ ಕ್ರಮವನ್ನು ಇಂದಿನ ವಾಣಿಜ್ಯ ಪ್ರದರ್ಶನಗಳೂ ಅನುಸರಿಸುತ್ತವೆ. ಅಂಥ ಕಡೆ ಸರಕು ಸರಕಿಗೂ ಅಂತರ ಕಡಿಮೆ. ಕೊಳ್ಳುವವನನ್ನು ಹಿಡಿದು ನಿಲ್ಲಿಸುವುದು ಮಾರುವವನ ನುಡಿ.

ಇದಕ್ಕೆ ಪೂರಕವಾದ ಇನ್ನೊಂದು ಪರಂಪರೆಯೂ ನಮ್ಮಲ್ಲಿದೆ. ಹನ್ನೆರಡನೆಯ ಶತಮಾನದ ಶರಣರ ಹೆಸರುಗಳನ್ನು ನೋಡಿದರೆ ಅಂಬಿಗರ ಚೌಡಯ್ಯ, ಮೇದಾರ ಕೇತಯ್ಯ, ನುಲಿಯ ಚಂದಯ್ಯ ಎಂದು ಕಸುಬು ಮತ್ತು ವ್ಯಕ್ತಿ ಬೇರ್ಪಡಿಸಲಾಗದಂತೆ ಬೆಸೆದುಕೊಂಡಿವೆ. 1117ರಲ್ಲಿ ಪ್ರತಿಷ್ಠೆಯಾದ ಬೇಲೂರಿನ ಚೆನ್ನಕೇಶವ ದೇವಾಲಯದ ಮದನಿಕೆಗಳ ಕೆಳಗೆ ಬಳ್ಳಿಗಾವೆಯ ದಾಸೋಜನೂ ಅವನ ಮಗ ಚಾವಣನೂ ತಮ್ಮ ಹೆಸರುಗಳನ್ನು ಕೆತ್ತಿದ್ದಾರೆ. ವರ್ತಕರ ಪ್ರಶಸ್ತಿ ದೊರೆತ ಬಳ್ಳಿಗಾವೆಯೇ ಹೆಸರು ಹಾಕಿದ ಶಿಲ್ಪಿಯ ಊರೂ ಆಗಿರುವುದು ಆಕಸ್ಮಿಕವಿರಬಹುದು. ಆದರೆ ಮಾಡಿದವನ ಹೆಸರೂ ಅವನ ಊರೂ ವಸ್ತುವಿನೊಡನೆ ಉಳಿಯಬೇಕೆಂಬ ಭಾವನೆ ಆ ಕಾಲಕ್ಕೆ ಅಪರಿಚಿತವಾಗಿರಲಿಲ್ಲ ಎಂಬುದಂತೂ ಸ್ಪಷ್ಟ.

3. ಮುಂಬಯಿಯ ಮೂಕ ವಸ್ತುಗಳು

ಆಧುನಿಕ ಅರ್ಥದ ವಸ್ತುಪ್ರದರ್ಶನ ಆರಂಭವಾದದ್ದು 1851ರ ಲಂಡನ್ ಮಹಾಪ್ರದರ್ಶನದಿಂದ. ಅದರ ಭಾರತೀಯ ವಿಭಾಗದಲ್ಲಿ ಬಿದರಿ ಪಾತ್ರೆಗಳೂ ಇದ್ದವು. 1855ರಲ್ಲಿ ಪ್ಯಾರಿಸ್ಸಿನಲ್ಲಿ ಇನ್ನೊಂದು ಮಹಾಪ್ರದರ್ಶನ ನಡೆಯಿತು. ಅದಕ್ಕೆಂದು ಮುಂಬಯಿ ಇಲಾಖೆಯಿಂದ ಸಂಗ್ರಹಿಸಿದ ವಸ್ತುಗಳ ಇನ್ನೊಂದು ಪ್ರತಿಯನ್ನು ನಗರದಲ್ಲಿಯೇ ಇರಿಸಿ ಒಂದು ವಸ್ತುಸಂಗ್ರಹಾಲಯವನ್ನು ಸ್ಥಾಪಿಸಲಾಯಿತು. ಅಂದರೆ ಮುಂಬಯಿಯ ಮೊದಲ ವಸ್ತುಸಂಗ್ರಹಾಲಯ ಹುಟ್ಟಿದ್ದೇ ದೂರದ ಒಂದು ಪ್ರದರ್ಶನದ ನೆರಳಾಗಿ. ಕೋಟೆ ಪ್ರದೇಶದ ಸೈನಿಕ ವಸತಿಯೊಂದರಲ್ಲಿದ್ದ ಆ ಸಂಗ್ರಹಕ್ಕೆ 1857ರಲ್ಲಿ ದುರ್ಗತಿ ಬಂದಿತು. ದಂಗೆಯ ಕಾಲದಲ್ಲಿ ಸೈನಿಕರಿಗೆ ಸ್ಥಳ ಬೇಕಾದಾಗ ವಸ್ತುಗಳನ್ನು ಹೊರಗೆ ಎಸೆಯಲಾಯಿತು.

ಅಳಿದುಳಿದುದನ್ನು ಮತ್ತೆ ಕೂಡಿಸುವ ಹೊಣೆಯನ್ನು 1858ರಲ್ಲಿ ಜಾರ್ಜ್ ಬರ್ಡ್‌ವುಡ್ ವಹಿಸಿಕೊಂಡನು. ಡಾ. ಭಾವೂ ದಾಜಿ, ಜಗನ್ನಾಥ ಶಂಕರಶೇಟ್ ಮೊದಲಾದ ನಾಗರಿಕರು ನೆರವಾದರು. ಬೈಕಲಾದ ಉದ್ಯಾನದಲ್ಲಿ 1862ರಲ್ಲಿ ಶಂಕುಸ್ಥಾಪನೆಯಾದ ಹೊಸ ಕಟ್ಟಡ 1872ರಲ್ಲಿ ಸಾರ್ವಜನಿಕರಿಗೆ ತೆರೆಯಿತು. 1975ರಿಂದ ಅದು ಡಾ. ಭಾವೂ ದಾಜಿ ಲಾಡ್ ವಸ್ತುಸಂಗ್ರಹಾಲಯವೆಂದು ಪ್ರಸಿದ್ಧವಾಗಿದೆ. ಅಲ್ಲಿ ನಾನಾ ಕಸುಬಿನವರ ಪುಟ್ಟ ಮಣ್ಣಿನ ಬೊಂಬೆಗಳನ್ನು ಗಾಜಿನ ಪೆಟ್ಟಿಗೆಗಳಲ್ಲಿ ಇರಿಸಿದ್ದಾರೆ. ಕೈಯಲ್ಲಿ ಉಪಕರಣ ಹಿಡಿದ ಬೊಂಬೆಗಳು ಅಚ್ಚುಕಟ್ಟಾಗಿವೆ. ಅವುಗಳ ಮುಂದೆ ನಿಂತಾಗ ನಮಗೆ ತೋರಿದ್ದು ಇಷ್ಟು: ಇಲ್ಲಿ ಕಸುಬಿಗೆ ಹೆಸರಿದೆ, ಕಸುಬುದಾರನಿಗೆ ಇಲ್ಲ.

ಇದೇ ಕಾಲದಲ್ಲಿ ಕನ್ನಡ ಜಿಲ್ಲೆಗಳ ಸರಕು ಮುಂಬಯಿಯ ಮಾರುಕಟ್ಟೆಯಲ್ಲಿ ಪ್ರಾಮುಖ್ಯ ಪಡೆಯಿತು. 1862ರಲ್ಲಿ ಉತ್ತರ ಕನ್ನಡ ಜಿಲ್ಲೆ ಮದರಾಸು ಇಲಾಖೆಯಿಂದ ಮುಂಬಯಿ ಇಲಾಖೆಗೆ ಸೇರಿತು. ಅಮೆರಿಕದ ಅಂತರ್ಯುದ್ಧದ ವರ್ಷಗಳಲ್ಲಿ ಧಾರವಾಡ ಪ್ರಾಂತದ ಹತ್ತಿ ಕುಮಟೆಯ ಬಂದರಿನಿಂದ ಹಡಗೇರಿ ಮುಂಬಯಿಗೆ ಬಂದು ಅಲ್ಲಿಂದ ಇಂಗ್ಲೆಂಡಿಗೆ ಸಾಗುತ್ತಿತ್ತು. ಬೆಳೆದ ಊರಿನ ಹೆಸರು ಅಳಿದು ಬಂದರಿನ ಹೆಸರಿನಲ್ಲಿ ಅದು ‘ಕುಮಟಾ ಹತ್ತಿ’ಯಾಯಿತು. ಕರಕುಶಲ ವಸ್ತುಗಳಿಗೂ ಇದೇ ಗತಿಯೊದಗಿತು. ಮುಂಬಯಿಯಿಂದ ಹೊರಟ ಕುಸುರಿ ಪೆಟ್ಟಿಗೆಗಳು ಯೂರೋಪಿನಲ್ಲಿ ‘ಬಾಂಬೆ ಬಾಕ್ಸ್’ ಎನಿಸಿಕೊಂಡವು. ಸೊರಬ, ಸಾಗರ, ಕುಮಟೆ, ಹೊನ್ನಾವರಗಳ ಗುಡಿಗಾರರು ಕೆತ್ತಿದ ಗಂಧದ ಪೆಟ್ಟಿಗೆಗಳ ಬೆಡಗನ್ನು ಆ ಕಾಲದ ಯೂರೋಪಿಯನ್ ಲೇಖಕರು ಮೆಚ್ಚಿ ಬರೆದಿದ್ದಾರೆ. ಬರ್ಡ್‌ವುಡ್ 1880ರಲ್ಲಿ ಪ್ರಕಟಿಸಿದ ಭಾರತದ ಕೈಗಾರಿಕಾ ಕಲೆಗಳ ಕುರಿತ ಗ್ರಂಥ ಇಂಥ ಬರವಣಿಗೆಗೆ ಒಳ್ಳೆಯ ನಿದರ್ಶನ. ಅಲ್ಲಿ ಊರು ಮತ್ತು ಕುಲಗಳ ಹೆಸರುಗಳು ಬರುತ್ತವೆ; ಪೆಟ್ಟಿಗೆ ಕೆತ್ತಿದವನ ಹೆಸರು ಬರುವುದು ವಿರಳ. ದಾಸೋಜನಿಗೆ ದೊರೆತದ್ದು ಗುಡಿಗಾರನಿಗೆ ದೊರೆಯಲಿಲ್ಲ.

4. ಜೀವಂತ ಪ್ರದರ್ಶನ: ಕೆಲಸವಿದೆ, ಮಾತಿಲ್ಲ

ಗಾಜಿನ ಪೆಟ್ಟಿಗೆಯ ವಸ್ತುಗಳು ಜನರನ್ನು ಬಹುಕಾಲ ಹಿಡಿದಿಡಲಾರವು ಎಂಬುದು ಪ್ರದರ್ಶನಗಳನ್ನು ಏರ್ಪಡಿಸುವವರಿಗೆ ಬೇಗನೆ ತಿಳಿಯಿತು. 1886ರಲ್ಲಿ ಲಂಡನ್ನಿನಲ್ಲಿ ನಡೆದ ವಸಾಹತು ಮತ್ತು ಭಾರತ ಪ್ರದರ್ಶನಕ್ಕೆ 34 ಮಂದಿ ಭಾರತೀಯ ಕುಶಲಕರ್ಮಿಗಳನ್ನು ಕರೆದೊಯ್ಯಲಾಯಿತು. ಅವರಲ್ಲಿ ಬಹುಮಂದಿ ಆಗ್ರಾದ ಸೆರೆಮನೆಯಲ್ಲಿ ಕೆಲಸ ಕಲಿತವರು. ನೇಯುವುದನ್ನೂ ಮಡಕೆ ಮಾಡುವುದನ್ನೂ ನೋಡಲು ಜನ ಮುಗಿಬಿದ್ದರು. ಮಳಿಗೆಗೆ ಜನರನ್ನು ಸೆಳೆಯುವ ಉಪಾಯವೆಂಬ ದೃಷ್ಟಿಯಿಂದ ಇದು ಯಶಸ್ವಿಯಾಯಿತೆನ್ನಬೇಕು. ಆದರೆ ಈ ಯಶಸ್ಸಿನ ಇನ್ನೊಂದು ಮುಖವನ್ನು ಮರೆಯುವಂತಿಲ್ಲ. ನೋಡುವವನಿಗೂ ಮಾಡುವವನಿಗೂ ನಡುವೆ ಸಮಾನವಾದ ಮಾತುಕತೆ ಇರಲಿಲ್ಲ. ಕೆಲಸಗಾರನೇ ಪ್ರದರ್ಶನದ ವಸ್ತುವಾದನು. ಮಾತಿಲ್ಲದ ಕೆಲಸವೂ ಒಂದು ಬಗೆಯ ಗಾಜಿನ ಪೆಟ್ಟಿಗೆಯೇ ಸರಿ.

ಕಾಂಗ್ರೆಸ್ ಅಧಿವೇಶನಗಳ ಜೊತೆಗೆ ಏರ್ಪಟ್ಟ ಕೈಗಾರಿಕಾ ಪ್ರದರ್ಶನಗಳು ಈ ಸನ್ನಿವೇಶವನ್ನು ಬದಲಿಸಿದವು. 1901ರಲ್ಲಿ ಕಲಕತ್ತೆ, 1902ರಲ್ಲಿ ಅಹಮದಾಬಾದ್, 1903ರಲ್ಲಿ ಮದರಾಸು, 1904ರ ಡಿಸೆಂಬರಿನಲ್ಲಿ ಮುಂಬಯಿ ಎಂದು ಪ್ರತಿವರ್ಷವೂ ಅವು ನಡೆದವು. ಲಂಡನ್ನಿನ ಪ್ರೇಕ್ಷಕನಿಗೆ ಭಾರತೀಯ ವಸ್ತು ಒಂದು ವಿಸ್ಮಯ. ಮುಂಬಯಿಯ ಪ್ರೇಕ್ಷಕನಿಗೆ ಅದು ತಾನೇ ಕೊಳ್ಳಬಹುದಾದ, ತಾನೇ ತಯಾರಿಸಬಹುದಾದ ವಸ್ತು. ಆದ್ದರಿಂದ ಅವನ ಪ್ರಶ್ನೆಗಳು ಬೇರೆಯವು: ಇದರ ಬೆಲೆಯೇನು, ಇದು ಎಷ್ಟು ಕಾಲ ಬಾಳುತ್ತದೆ, ಇದರ ಯಂತ್ರ ಎಲ್ಲಿ ದೊರೆಯುತ್ತದೆ? ಮಳಿಗೆಯಲ್ಲಿ ನಿಂತವನಿಗೆ ಉತ್ತರ ಗೊತ್ತಿರಲೇಬೇಕಾಯಿತು. ಮೈಸೂರಿನಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಆಳಿಕೆಯಲ್ಲಿ 1907ರಲ್ಲಿ ನಡೆದ ದಸರಾ ವಸ್ತುಪ್ರದರ್ಶನವನ್ನೂ ಇದೇ ಹಿನ್ನೆಲೆಯಲ್ಲಿ ಗಮನಿಸಬೇಕು.

ಈ ಪ್ರಶ್ನೋತ್ತರದ ಬೆಲೆಯನ್ನು ಅನುಭವದಿಂದ ಅರಿತವರಲ್ಲಿ ಲಕ್ಷ್ಮಣರಾವ್ ಕಿರ್ಲೋಸ್ಕರ್ ಒಬ್ಬರು. 1869ರಲ್ಲಿ ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ ಹುಟ್ಟಿದ ಅವರು ಮುಂಬಯಿಯ ಜೆ.ಜೆ. ಕಲಾಶಾಲೆಯಲ್ಲಿ ಕಲಿತು, ಅದೇ ನಗರದ ವಿಕ್ಟೋರಿಯಾ ಜ್ಯೂಬಿಲಿ ತಾಂತ್ರಿಕ ಸಂಸ್ಥೆಯಲ್ಲಿ ಅಧ್ಯಾಪಕರಾಗಿದ್ದರು. ಬೆಳಗಾವಿಗೆ ಮರಳಿ, ಸೈಕಲ್ ಅಂಗಡಿಯ ಬಳಿಕ ಬೇಸಾಯದ ಉಪಕರಣಗಳ ತಯಾರಿಕೆಗೆ ಕೈಹಾಕಿದರು. 1903ರಲ್ಲಿ ಅವರ ಕಬ್ಬಿಣದ ನೇಗಿಲು ಸಿದ್ಧವಾದಾಗ ಕೊಳ್ಳುವವರು ಮುಂದೆ ಬರಲಿಲ್ಲ. ಕಬ್ಬಿಣ ತಾಗಿದರೆ ಭೂಮಿಗೆ ವಿಷವೇರುತ್ತದೆಂದು ರೈತರು ನಂಬಿದ್ದರು. ನೇಗಿಲಿನ ಹೊಳಪಾಗಲಿ ವಿನ್ಯಾಸವಾಗಲಿ ಈ ಶಂಕೆಗೆ ಉತ್ತರವಾಗಲಾರದು. ಉತ್ತು ತೋರಿಸಬೇಕು, ಬೆಳೆ ಬಂದ ಮೇಲೆ ಮಾತಾಡಬೇಕು. ರೈತನ ಶಂಕೆ ಅಜ್ಞಾನದ್ದೆಂದು ತಳ್ಳಿಹಾಕುವುದು ಸುಲಭ. ಆದರೆ ತನ್ನ ನೆಲದ ಮೇಲೆ ಪಣವೊಡ್ಡುವವನು ಅವನೇ ಆದ್ದರಿಂದ ಕೇಳುವ ಹಕ್ಕು ಅವನದೇ ಆಗಿತ್ತು.

5. ಒಂದು ಪೊಟ್ಟಣ ಉಪ್ಪು

ಮಳಿಗೆಯೇ ಇಲ್ಲದ ಮಾರಾಟವೊಂದು 1930ರಲ್ಲಿ ಮುಂಬಯಿಯಲ್ಲಿ ನಡೆಯಿತು. 1903ರಲ್ಲಿ ಮಂಗಳೂರಿನಲ್ಲಿ ಜನಿಸಿದ ಕಮಲಾದೇವಿ ಚಟ್ಟೋಪಾಧ್ಯಾಯ ಉಪ್ಪಿನ ಸತ್ಯಾಗ್ರಹದ ಮುಂಚೂಣಿಯಲ್ಲಿದ್ದರು. ಕಾನೂನನ್ನು ಮುರಿದು ತಯಾರಿಸಿದ ಉಪ್ಪಿನ ಪೊಟ್ಟಣಗಳನ್ನು ಹಿಡಿದು ಅವರು ಮುಂಬಯಿಯ ಷೇರುಪೇಟೆಯ ಒಳಹೊಕ್ಕು ಮಾರಿದರು. ನ್ಯಾಯಾಲಯದ ಆವರಣಕ್ಕೂ ಹೋಗಿ ಸ್ವಾತಂತ್ರ್ಯದ ಉಪ್ಪನ್ನು ಕೊಳ್ಳುವಿರಾ ಎಂದು ನ್ಯಾಯಾಧಿಕಾರಿಯನ್ನೇ ಕೇಳಿದರು. ಅವರು ಬಂಧನಕ್ಕೊಳಗಾದದ್ದು ಸುಪರಿಚಿತ ಸಂಗತಿ.

ಈ ಪ್ರಸಂಗವನ್ನು ರಾಜಕೀಯ ಇತಿಹಾಸಕಾರರು ವಿವರಿಸಿದ್ದಾರೆ. ನಾವು ಇದನ್ನು ವಾಣಿಜ್ಯದ ಇತಿಹಾಸದಲ್ಲಿಯೂ ಇರಿಸಬಯಸುತ್ತೇವೆ. ಉಪ್ಪಿಗಿಂತ ಸಾಮಾನ್ಯವಾದ ಸರಕಿಲ್ಲ. ಅದಕ್ಕೆ ಬಣ್ಣವಿಲ್ಲ, ಬೆಡಗಿಲ್ಲ. ಹಣವೊಂದನ್ನೇ ಎಣಿಸುವ ಜಾಗದಲ್ಲಿ ಜನರು ಕೆಲಸ ಬಿಟ್ಟು ಆ ಉಪ್ಪಿನ ಸುತ್ತ ನೆರೆದದ್ದು, ಅದನ್ನು ಹಿಡಿದವರು ಅದನ್ನು ಮಾಡಿದವರೇ ಆಗಿದ್ದುದರಿಂದ ಮತ್ತು ಅವರು ಕೇಳಿದ ಪ್ರಶ್ನೆಗೆ ಉತ್ತರ ಕೊಡಲೇಬೇಕಾಗಿದ್ದುದರಿಂದ. ಹೆಗಲ ಮೇಲೆ ಸರಕು ಹೊತ್ತು ಊರೂರು ತಿರುಗಿದ ಅಯ್ಯಾವೊಳೆಯ ವರ್ತಕನ ಪಸರ ಇಲ್ಲಿ ಅನಿರೀಕ್ಷಿತ ರೂಪದಲ್ಲಿ ಮರಳಿದೆಯೆನ್ನಬಹುದು.

ಇದಕ್ಕೆ ಮೂರು ವರ್ಷ ಹಿಂದೆ, 1927ರ ಜುಲೈ ತಿಂಗಳಲ್ಲಿ, ಬೆಂಗಳೂರಿನಲ್ಲಿ ಖಾದಿ ಪ್ರದರ್ಶನವೊಂದು ನಡೆದಿತ್ತು. ಅದನ್ನು ಕುರಿತು ಗಾಂಧೀಜಿ, ಪ್ರದರ್ಶನವು ಚಲನಚಿತ್ರದಂತೆ ನೋಡಿ ಮರೆಯುವ ವಿನೋದವಲ್ಲ, ದೇಶವನ್ನು ಪ್ರೀತಿಸುವವರು ಬಂದು ಕಲಿಯಬೇಕಾದ ಸ್ಥಳ ಎಂಬ ಅಭಿಪ್ರಾಯವನ್ನು ವ್ಯಕ್ತಪಡಿಸಿದ್ದರು. ಖಾದಿ ಪ್ರದರ್ಶನಗಳಲ್ಲಿ ಹತ್ತಿ ಬಿಡಿಸುವುದು, ಹಿಂಜುವುದು, ನೂಲುವುದು, ನೇಯುವುದು ಎಲ್ಲವೂ ಜನರ ಕಣ್ಣ ಮುಂದೆ ನಡೆಯುತ್ತಿದ್ದವು. ನೋಡುವವನು ರಾಟೆಯ ಮುಂದೆ ತಾನೇ ಕೂರಬಹುದಾಗಿತ್ತು. 1886ರ ಲಂಡನ್ನಿಗೂ ಇದಕ್ಕೂ ಇರುವ ವ್ಯತ್ಯಾಸ ಇಲ್ಲಿಯೇ ಇದೆ. ನೋಡುವವನೂ ಮಾಡುವವನೂ ಸ್ಥಾನ ಬದಲಿಸಿಕೊಳ್ಳುವ ಅವಕಾಶವಿದ್ದಾಗ ಕೆಲಸಗಾರನು ಪ್ರದರ್ಶನದ ವಸ್ತುವಾಗಿ ಉಳಿಯುವುದಿಲ್ಲ.

ಸ್ವಾತಂತ್ರ್ಯಾನಂತರ 1952ರಲ್ಲಿ ಅಖಿಲ ಭಾರತ ಕರಕುಶಲ ಮಂಡಳಿ ಸ್ಥಾಪನೆಯಾದಾಗ ಅದರ ನೇತೃತ್ವ ವಹಿಸಿದವರು ಇದೇ ಕಮಲಾದೇವಿಯವರು. ಕುಶಲಕರ್ಮಿಗಳನ್ನು ಹೆಸರು ಹಿಡಿದು ಗೌರವಿಸಬೇಕೆಂಬ ಅವರ ಆಗ್ರಹಕ್ಕೂ ಉಪ್ಪಿನ ಪೊಟ್ಟಣಕ್ಕೂ ಸಂಬಂಧವಿದೆಯೆಂದು ನಮ್ಮ ಊಹೆ.

6. ಗೋರೆಗಾಂವಿನ ಮಳಿಗೆಗಳು

ಸ್ವಾತಂತ್ರ್ಯಾನಂತರದ ವಾಣಿಜ್ಯ ಪ್ರದರ್ಶನಗಳಲ್ಲಿ ಯಂತ್ರೋಪಕರಣಗಳ ಪ್ರದರ್ಶನಕ್ಕೆ ವಿಶೇಷ ಸ್ಥಾನವಿದೆ. ಭಾರತೀಯ ಯಂತ್ರೋಪಕರಣ ತಯಾರಕರ ಸಂಘ 1946ರಲ್ಲಿ ಸ್ಥಾಪಿತವಾಯಿತು. ಅದರ ‘ಇಮ್‌ಟೆಕ್ಸ್’ ಪ್ರದರ್ಶನ ಮೊದಲು ನಡೆದದ್ದು 1969ರಲ್ಲಿ, ಮುಂಬಯಿಯಲ್ಲಿ. ಈ ಉದ್ದಿಮೆಯಲ್ಲಿ ಕನ್ನಡ ನಾಡಿನ ಪಾಲು ದೊಡ್ಡದು. 1941ರಲ್ಲಿ ಹರಿಹರದಲ್ಲಿ ಆರಂಭವಾಗಿ ಈಗ ಮುಚ್ಚಿಹೋಗಿರುವ ಮೈಸೂರು ಕಿರ್ಲೋಸ್ಕರ್, 1953ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿತವಾದ ಎಚ್.ಎಂ.ಟಿ. ಇವು ಲೇತ್ ಯಂತ್ರಗಳಿಂದ ಹೆಸರಾದವು. ಇಂಥ ಪ್ರದರ್ಶನದಲ್ಲಿ ಯಂತ್ರವನ್ನು ತಂದು ನಿಲ್ಲಿಸಿದರೆ ಸಾಲದು. ಅದು ಚಾಲನೆಯಲ್ಲಿರಬೇಕು, ಲೋಹವನ್ನು ಕೊರೆಯಬೇಕು. ಉಕ್ಕಿನ ಸಿಂಬೆಗಳು ಸುರುಳಿ ಸುತ್ತಿ ಬೀಳುವಲ್ಲಿ ಅನುಭವಿ ಕೆಲಸಗಾರರು ನಿಲ್ಲುತ್ತಾರೆ. ಸಿಂಬೆಯ ಬಣ್ಣ ನೋಡಿ ಕತ್ತರಿಸುವ ವೇಗವನ್ನು ಅಂದಾಜು ಮಾಡುತ್ತಾರೆ. 2007ರಿಂದ ಇಮ್‌ಟೆಕ್ಸ್ ಬೆಂಗಳೂರಿನ ತುಮಕೂರು ರಸ್ತೆಯಲ್ಲಿರುವ ಸಂಘದ ಸ್ವಂತ ಪ್ರದರ್ಶನ ಕೇಂದ್ರಕ್ಕೆ ಬಂದು ನೆಲೆಸಿದೆ. ಮುಂಬಯಿಗೆ ಹೋಗಿ ತೋರಿಸಬೇಕಾಗಿದ್ದ ಸರಕನ್ನು ನೋಡಲು ಈಗ ಜನರೇ ಕನ್ನಡ ನಾಡಿಗೆ ಬರುತ್ತಾರೆ.

ಮುಂಬಯಿಯಲ್ಲಿ ಇಂದು ದೊಡ್ಡ ವಾಣಿಜ್ಯ ಪ್ರದರ್ಶನಗಳು ನಡೆಯುವ ಸ್ಥಳಗಳಲ್ಲಿ ಗೋರೆಗಾಂವ್ ಪೂರ್ವದ ನೆಸ್ಕೊ ಆವರಣ ಮುಖ್ಯವಾದದ್ದು. ನೆಸ್ಕೊ ಎಂಬುದು ಇಂಜಿನಿಯರಿಂಗ್ ಕಂಪನಿಯೊಂದರ ಹೆಸರಿನ ಸಂಕ್ಷೇಪ. ಯಂತ್ರಗಳನ್ನು ತಯಾರಿಸುತ್ತಿದ್ದ ಸಂಸ್ಥೆಯ ಆವರಣ ಇಂದು ಸರಕುಗಳನ್ನು ತೋರಿಸುವ ಸ್ಥಳವಾಗಿದೆ. 1982ರ ಜವಳಿ ಮುಷ್ಕರದ ಅನಂತರ ಗಿರಣಿಗಳು ಒಂದೊಂದಾಗಿ ಮುಚ್ಚಿದ ನಗರದಲ್ಲಿ ಈ ಪರಿವರ್ತನೆಗೆ ಸಾಂಕೇತಿಕ ಮಹತ್ವವಿದೆ. ಮಾಡುವ ನಗರ ತೋರಿಸುವ ನಗರವಾಯಿತು.

ಅಲ್ಲಿ ಕರಕುಶಲ ಮತ್ತು ಗೃಹಾಲಂಕಾರ ವಸ್ತುಗಳ ಪ್ರದರ್ಶನವೊಂದನ್ನು ನೋಡುವ ಸಂದರ್ಭ ನಮಗೆ ಒದಗಿತು. ಚಿಕ್ಕ ಮಳಿಗೆಗಳೆಲ್ಲ ಒಂದೇ ಅಚ್ಚಿನವು. ಮೂರು ಮೀಟರ್ ಅಗಲ, ಮೂರು ಮೀಟರ್ ಉದ್ದ. ಅಲ್ಯೂಮಿನಿಯಂ ಕಂಬಗಳ ನಡುವೆ ಬಿಳಿಯ ಹಲಗೆ. ನೆತ್ತಿಯ ಮೇಲೆ ಸಂಸ್ಥೆಯ ಹೆಸರು. ಒಳಗೆ ಒಂದು ಮೇಜು, ಎರಡು ಕುರ್ಚಿ. ಬಹುಪಾಲು ಮಳಿಗೆಗಳಲ್ಲಿ ಮೇಜನ್ನು ಬಾಗಿಲಿಗೆ ಅಡ್ಡವಾಗಿ ಇರಿಸಿ, ಅದರ ಹಿಂದೆ ಕುಳಿತವರು ಮೊಬೈಲ್ ಫೋನಿನಲ್ಲಿ ಮಗ್ನರಾಗಿದ್ದರು. ಕೆಲವೆಡೆ ಬಟ್ಟಲಿನಲ್ಲಿ ಚಾಕೊಲೇಟು ಇರಿಸಿದ್ದರು. ಜನ ಚಾಕೊಲೇಟು ತೆಗೆದುಕೊಂಡು ಮುಂದೆ ಹೋದರು.

ಒಂದು ಮಳಿಗೆಯ ಮುಂದೆ ಮಾತ್ರ ದಾರಿ ಕಟ್ಟುವಷ್ಟು ಜನ. ಒಳಗೆ ನೆಲದ ಮೇಲೆ ಕುಳಿತು ಬೀದರಿನ ವೃದ್ಧ ಕುಶಲಕರ್ಮಿಯೊಬ್ಬರು ಬಿದರಿ ಕೆಲಸ ಮಾಡುತ್ತಿದ್ದರು. ಹೊರನಾಡಿನ ಓದುಗರಿಗಾಗಿ ಈ ಕಸುಬನ್ನು ಸಂಕ್ಷೇಪವಾಗಿ ಹೇಳಬೇಕು. ಹೆಚ್ಚಿನ ಪಾಲು ಸತುವಿಗೆ ಸ್ವಲ್ಪ ತಾಮ್ರ ಬೆರೆಸಿ ಮಣ್ಣಿನ ಅಚ್ಚಿನಲ್ಲಿ ಪಾತ್ರೆಯನ್ನು ಎರಕ ಹೊಯ್ಯುತ್ತಾರೆ. ಮೇಲ್ಮೈಯನ್ನು ನಯಗೊಳಿಸಿ ಮೈಲುತುತ್ತದ ನೀರಿನಿಂದ ತಾತ್ಕಾಲಿಕವಾಗಿ ಕಪ್ಪಾಗಿಸಿ ಚಿತ್ತಾರ ಬರೆಯುತ್ತಾರೆ. ಉಳಿಯಿಂದ ಗೀರಿ, ಆ ಗೀರುಗಳಿಗೆ ಬೆಳ್ಳಿಯ ತಂತಿಯನ್ನೋ ತಗಡನ್ನೋ ಬಡಿದು ಕೂರಿಸುತ್ತಾರೆ. ಮತ್ತೆ ಅರದಿಂದ ಉಜ್ಜಿದಾಗ ಕಪ್ಪು ಹೋಗಿ ಲೋಹದ ಬೂದುಬಣ್ಣದಲ್ಲಿ ಬೆಳ್ಳಿ ಅಷ್ಟಾಗಿ ಕಾಣದಂತಾಗುತ್ತದೆ. ಕೊನೆಗೆ ಬೀದರ್ ಕೋಟೆಯ ಮಣ್ಣನ್ನು ನವಸಾಗರದೊಡನೆ ಕಲಸಿ ಬಿಸಿ ಪಾತ್ರೆಗೆ ಹಚ್ಚುತ್ತಾರೆ. ಪಾತ್ರ ಕಪ್ಪಾಗುತ್ತದೆ, ಬೆಳ್ಳಿ ಮಾತ್ರ ಹಾಗೆಯೇ ಉಳಿದು ಫಳಫಳಿಸುತ್ತದೆ.

ಸಭಾಂಗಣದೊಳಗೆ ಬೆಂಕಿಗೆ ಅನುಮತಿ ಇರಲಿಲ್ಲವಾದ್ದರಿಂದ ಅವರು ಚಿಕ್ಕ ವಿದ್ಯುತ್ ಒಲೆಯೊಂದನ್ನು ಇರಿಸಿಕೊಂಡಿದ್ದರು. ಮಣ್ಣು ಹಚ್ಚಿ ತೊಳೆದು ಬಟ್ಟಲನ್ನು ಎತ್ತಿ ಹಿಡಿದಾಗ ನೆರೆದವರೆಲ್ಲ ಒಮ್ಮೆಲೇ ಉದ್ಗರಿಸಿದರು. ಆ ಬೆರಗು ಒಂದು ಕ್ಷಣದ್ದು. ಜನರನ್ನು ಅರ್ಧ ತಾಸು ಅಲ್ಲಿಯೇ ನಿಲ್ಲಿಸಿದ್ದು ಅನಂತರದ ಪ್ರಶ್ನೋತ್ತರ. ಬೇರೆ ಮಣ್ಣು ಆಗದೇ? ಬಣ್ಣ ಹೋಗುವುದೇ? ಬೆಳ್ಳಿ ಕಿತ್ತುಬರುವುದೇ? ಅವರು ದಖನಿ ಉರ್ದುವಿನಲ್ಲಿ ಒಬ್ಬೊಬ್ಬರಿಗೂ ಉತ್ತರಿಸುತ್ತಿದ್ದರು. ನಾವು ಕನ್ನಡದಲ್ಲಿ ಮಾತಾಡಿಸಿದಾಗ ಮುಖ ಅರಳಿತು. ಮಣ್ಣನ್ನು ಹೇಗೆ ಆರಿಸುತ್ತೀರಿ ಎಂದೆವು. “ನಾಲಿಗಿ ಮ್ಯಾಲ ಇಟ್ಟು ನೋಡ್ತೀವ್ರಿ ಸರ. ಯಾವ ಮಣ್ಣ ಹತ್ತತದ, ಯಾವುದು ಹತ್ತಂಗಿಲ್ಲ, ನಾಲಿಗಿಗಿ ತಿಳೀತದ. ಇದು ಬರ್ದು ಕೊಡ್ಲಾಕ ಬರಂಗಿಲ್ರಿ” ಎಂದರು. ಬಳಿಯಲ್ಲಿದ್ದ ಮರಾಠಿ ಮಹಿಳೆಯೊಬ್ಬರಿಗೆ ಇದನ್ನು ನಾವು ಹಿಂದಿಯಲ್ಲಿ ವಿವರಿಸಿದೆವು. ಅವರು ಚಿಟಿಕೆ ಮಣ್ಣನ್ನು ಕೇಳಿ ಪಡೆದು ಬಾಯಿಗೆ ಹಾಕಿಕೊಂಡೇ ಬಿಟ್ಟರು. ಅನಂತರ ಎರಡು ಬಟ್ಟಲು ಕೊಂಡರು.

ಆ ಮಳಿಗೆಯ ನೆತ್ತಿಯ ಮೇಲಿದ್ದುದು ವ್ಯಾಪಾರ ಸಂಸ್ಥೆಯೊಂದರ ಹೆಸರು. ಕರಪತ್ರದಲ್ಲಿ ಬೀದರಿನ ಹೆಸರಿತ್ತು, ಕೋಟೆಯ ಚಿತ್ರವಿತ್ತು. ಮಳಿಗೆಗೆ ಅಷ್ಟು ಜನರನ್ನು ತಂದವರ ಹೆಸರು ಎಲ್ಲಿಯೂ ಇರಲಿಲ್ಲ. ನಾವು ಕೇಳಿದಾಗ ಅವರು ಹೇಳಿದರು. ಆದರೆ ಅದನ್ನು ಅಚ್ಚು ಹಾಕಿಸಲು ಅವರ ಅನುಮತಿ ಪಡೆಯದೆಯೇ ಬಂದೆವು. ಆದ್ದರಿಂದ ಇಲ್ಲಿಯೂ ಅದು ಕಾಣಿಸುತ್ತಿಲ್ಲ. ಹಳೆಯ ವಸ್ತುಪಟ್ಟಿಗಳನ್ನು ಕುರಿತು ನಾವು ಮಾಡಿರುವ ಆಕ್ಷೇಪಣೆ ಈ ಲೇಖನಕ್ಕೂ ಅನ್ವಯಿಸುತ್ತದೆಯೆಂದು ಒಪ್ಪಿಕೊಳ್ಳುವುದು ನ್ಯಾಯ.

7. ಉಪಸಂಹಾರ

ಮೇಲಿನ ವಿವೇಚನೆಯಿಂದ ಕೆಲವು ಅಂಶಗಳು ಸ್ಪಷ್ಟವಾಗುತ್ತವೆ. ಮಳಿಗೆಯ ಮುಂದೆ ಜನರನ್ನು ನಿಲ್ಲಿಸುವುದು ನಡೆಯುತ್ತಿರುವ ಕೆಲಸ. ಅವರನ್ನು ಅಲ್ಲಿ ಉಳಿಸುವುದು ಪ್ರಶ್ನೆಗೆ ದೊರೆಯುವ ನಿಜವಾದ ಉತ್ತರ. ಅಂಥ ಉತ್ತರವನ್ನು ಕೊಡಬಲ್ಲವನು ಬಹುಮಟ್ಟಿಗೆ ಮಾಡಿದವನೇ. 1857ರಲ್ಲಿ ವಸ್ತುಗಳನ್ನು ಸುಲಭವಾಗಿ ಹೊರಗೆ ಎಸೆಯಲು ಸಾಧ್ಯವಾದದ್ದು ಅವುಗಳ ಪರವಾಗಿ ಮಾತಾಡುವವರು ಅಲ್ಲಿ ಯಾರೂ ಇರಲಿಲ್ಲವಾದ್ದರಿಂದ. 1930ರಲ್ಲಿ ಬರಿಯ ಉಪ್ಪು ಷೇರುಪೇಟೆಯನ್ನು ತಡೆದು ನಿಲ್ಲಿಸಿದ್ದು ಮಾತಾಡುವವರು ಇದ್ದುದರಿಂದ.

ಭೌಗೋಳಿಕ ಸೂಚಕಗಳ ಕಾಯಿದೆ 1999ರಲ್ಲಿ ಅಂಗೀಕೃತವಾಗಿ 2003ರಿಂದ ಜಾರಿಗೆ ಬಂದಿದೆ. ಬಿದರಿ, ಚನ್ನಪಟ್ಟಣದ ಬೊಂಬೆ, ಇಳಕಲ್ ಸೀರೆ ಮೊದಲಾದವು ನೋಂದಣಿಯಾಗಿವೆ. ಬಂದರಿನ ಹೆಸರು ನುಂಗಿದ್ದ ಊರಿನ ಹೆಸರನ್ನು ಈ ಕಾಯಿದೆ ಮರಳಿ ಕೊಟ್ಟಿದೆ. ಇದು ಸಣ್ಣ ಸಾಧನೆಯಲ್ಲ. ವ್ಯಕ್ತಿಯ ಹೆಸರು ಬೆಳಕಿಗೆ ಬಂದ ನಿದರ್ಶನಗಳೂ ಇವೆ. ಬೀದರಿನ ಬಿದರಿ ಕಲಾವಿದ ಶಾಹ್ ರಶೀದ್ ಅಹಮದ್ ಖಾದ್ರಿ ಅವರಿಗೆ 2023ರಲ್ಲಿ ಪದ್ಮಶ್ರೀ ದೊರೆಯಿತು. ಆದರೆ ಪ್ರಶಸ್ತಿ ಒಬ್ಬರಿಗೆ, ಮಳಿಗೆಗಳು ಸಾವಿರಾರು.

ಹೊರನಾಡಿನ ಸಂಶೋಧಕರು ಈ ದಿಕ್ಕಿನಲ್ಲಿ ಮಾಡಬಹುದಾದ ಕೆಲಸ ಬಹಳಷ್ಟಿದೆ. ಕ್ಯಾಂಪ್‌ಬೆಲ್ ಸಂಪಾದಿಸಿದ ಮುಂಬಯಿ ಇಲಾಖೆಯ ಗೆಜೆಟಿಯರುಗಳಲ್ಲಿ ಕೆನರಾ ಸಂಪುಟ 1883ರಲ್ಲಿ, ಧಾರವಾಡ, ಬೆಳಗಾವಿ ಮತ್ತು ಬಿಜಾಪುರ ಸಂಪುಟಗಳು 1884ರಲ್ಲಿ ಪ್ರಕಟವಾದವು. ಇವುಗಳಲ್ಲಿ ಕಸುಬುಗಳ ವಿವರ ಹೇರಳವಾಗಿದೆ. ಇವನ್ನು ಪ್ರದರ್ಶನಗಳ ವಸ್ತುಪಟ್ಟಿಗಳೊಡನೆಯೂ ಮುಂಬಯಿಯಲ್ಲಿರುವ ರಾಜ್ಯ ಪತ್ರಾಗಾರದ ಕಡತಗಳೊಡನೆಯೂ ತಾಳೆ ನೋಡಿದರೆ, ಯಾವ ಊರಿನ ಯಾವ ವಸ್ತು ಯಾವ ಹೆಸರಿನಲ್ಲಿ ಎಲ್ಲಿಗೆ ಹೋಯಿತೆಂಬುದನ್ನು ಗುರುತಿಸಬಹುದು. ನವಲಗುಂದದ ಜಮಖಾನ, ಗುಳೇದಗುಡ್ಡದ ಖಣ, ಗುಡಿಗಾರರ ಗಂಧದ ಪೆಟ್ಟಿಗೆ ಇವು ಮೂರನ್ನಾದರೂ ಮೊದಲು ಕೈಗೆತ್ತಿಕೊಳ್ಳಬಹುದು. ಪತ್ರಾಗಾರದಲ್ಲಿ ಸಿಗದ ಹೆಸರುಗಳು ಮನೆತನಗಳ ನೆನಪಿನಲ್ಲಿ ಇನ್ನೂ ಉಳಿದಿರುವ ಸಾಧ್ಯತೆಯಿದೆ. ಆ ಹಿರಿಯರು ಇರುವಾಗಲೇ ಕೇಳಿ, ಅನುಮತಿ ಪಡೆದು, ಬರೆದಿಟ್ಟುಕೊಳ್ಳಬೇಕಾದದ್ದು ಅಗತ್ಯ.